ಬೈಲು, ಮಜಲು, ಬೆಟ್ಟು: ನೀರಿನ ಗಡುವಿನ ಚರಿತ್ರೆ

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಬರ ಎಂದರೆ ಬಯಲುಸೀಮೆಯವರು ನಕ್ಕಾರು. ಆದರೆ 2019ರ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿದಾಗ, ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳಕ್ಕೆ ಬರುವುದನ್ನು ಮುಂದೂಡಿ ಎಂದು ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ಕೋರಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ತಾಲ್ಲೂಕಿನಲ್ಲಿ ಭಾರಿ ನೆರೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು ಮುಗಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬೀಳುವುದು ಅತ್ಯಲ್ಪ. ಬಿದ್ದ ನೀರನ್ನು ಎಷ್ಟು ತಿಂಗಳು ನೆಲದಲ್ಲಿ ಉಳಿಸಿಕೊಳ್ಳಬಹುದು ಎಂಬುದೇ ಇಲ್ಲಿನ ಕೃಷಿಕನ ಹಳೆಯ ಪ್ರಶ್ನೆ.

ಈ ಪ್ರಶ್ನೆಗೆ ಊರವರು ಕಂಡುಕೊಂಡಿದ್ದ ಉತ್ತರದ ಲಿಖಿತ ದಾಖಲೆ 200 ವರ್ಷಗಳಿಗೂ ಹಳೆಯದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್, 1801ರ ಆರಂಭದಲ್ಲಿ ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮಾರ್ಗವಾಗಿ ಕಾರ್ಕಳಕ್ಕೆ ಸಾಗಿದ. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಇಲ್ಲಿನ ಗದ್ದೆಗಳ ಮೂರು ವರ್ಗಗಳು ದಾಖಲಾಗಿವೆ: ಬೈಲು, ಮಜಲು, ಬೆಟ್ಟು. ಕಣಿವೆಯ ತಳದ ಗದ್ದೆ ಬೈಲು. ಅದರಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ಸಾಧ್ಯವಿತ್ತು. ತುಸು ಮೇಲಿನ ಮಜಲಿನಲ್ಲಿ ಎರಡು. ಅದಕ್ಕೂ ಮೇಲಿನ ಬೆಟ್ಟುಗದ್ದೆಗೆ ಮಳೆಗಾಲದ ಏಣೆಲು ಒಂದೇ. ಕಂದಾಯದ ಕಾಗದಗಳಲ್ಲಿ ಇದು ಭೂಮಿಯ ದರ್ಜೆಯಾಗಿ ಕಂಡರೂ, ನನ್ನ ದೃಷ್ಟಿಯಲ್ಲಿ ಇದು ನೀರಿನ ಗಡುವಿನ ಅಳತೆಗೋಲು. ಅಂತರ್ಜಲದ ಮಟ್ಟ ಎಲ್ಲಿ ಯಾವ ತಿಂಗಳವರೆಗೆ ಬೇರಿಗೆ ನಿಲುಕುತ್ತದೆ ಎಂಬುದನ್ನು ಮಾಪಕವಿಲ್ಲದೆ ಅಳೆದ ಫಲಿತಾಂಶ.

ಮುರಕಲ್ಲಿನ ಗುಡ್ಡ ತೂತು ಮಡಕೆಯಂತೆ. ಮಳೆ ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಕ್ಕುತ್ತದೆ. ಈ ಸೋರಿಕೆಯನ್ನು ನಿಧಾನಗೊಳಿಸುತ್ತಿದ್ದುದೇ ತೋಡುಗಳಿಗೆ ಅಡ್ಡಲಾಗಿ ಹಾಕುತ್ತಿದ್ದ ಕಟ್ಟ. ಡಿಸೆಂಬರ್ ವೇಳೆಗೆ ಹರಿವು ಇಳಿದಾಗ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪುಗಳಿಂದ ಊರವರು ಸೇರಿ ಅದನ್ನು ಕಟ್ಟುತ್ತಿದ್ದರು. ಮಳೆಗಾಲದ ಮೊದಲ ಪ್ರವಾಹಕ್ಕೆ ಅದು ಕೊಚ್ಚಿಹೋಗುತ್ತಿತ್ತು. ಹಾಗೆ ಹೋಗಬೇಕಾದದ್ದೇ, ಇಲ್ಲದಿದ್ದರೆ ಜೂನ್‌ನ ನೆರೆ ಗದ್ದೆಗೆ ನುಗ್ಗುತ್ತಿತ್ತು.

ಕಟ್ಟದ ಹಿಂದೆ ಕಣ್ಣಿಗೆ ಕಾಣುವ ನೀರು ಅಷ್ಟೇನೂ ಹೆಚ್ಚಲ್ಲ. ಅದರ ನಿಜವಾದ ಕೆಲಸ ದಂಡೆಯೊಳಗೆ. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಸರಂಧ್ರ ಮಾಧ್ಯಮದಲ್ಲಿ ನೀರು ಹರಿಯುವ ದರ ಎರಡು ತುದಿಗಳ ನೀರಿನ ಮಟ್ಟಗಳ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಗುಡ್ಡದೊಳಗಿನ ನೀರಿನ ಮಟ್ಟ ತೋಡಿಗಿಂತ 4 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಕಟ್ಟದಿಂದ ತೋಡಿನ ಮಟ್ಟ 1.5 ಮೀಟರ್ ಏರಿದರೆ ವ್ಯತ್ಯಾಸ 2.5 ಮೀಟರಿಗೆ ಇಳಿಯುತ್ತದೆ. ಸೋರಿಕೆ ಸುಮಾರು ಎಂಟರಲ್ಲಿ ಐದು ಪಾಲಾಗುತ್ತದೆ. ಒಂದರ ಹಿನ್ನೀರು ಮೇಲಿನದರ ಬುಡ ಮುಟ್ಟುವಂತೆ ಸಾಲುಗಟ್ಟಿ ಕಟ್ಟಿದರೆ ಇಡೀ ಕಣಿವೆಯೇ ನಿಧಾನವಾಗಿ ಬರಿದಾಗುತ್ತದೆ. ಕೊಳಕೆ ಬೆಳೆ ನಿಂತದ್ದು ಈ ಉಳಿತಾಯದ ಮೇಲೆ.

ತೋಡಿಲ್ಲದ ಇಳಿಜಾರಿನಲ್ಲಿ ಉಪಾಯ ಬೇರೆ. ಬಂಟ್ವಾಳ ತಾಲ್ಲೂಕಿನ ಮಾಣಿಲ, ಕೇಪು ಮುಂತಾದ ಗ್ರಾಮಗಳಲ್ಲಿಯೂ ನೆರೆಯ ಕಾಸರಗೋಡಿನಲ್ಲಿಯೂ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಕೇಪುವಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದ ಹಲವು ಸುರಂಗಗಳು ಒಣಗಿಯೇ ಉಳಿದವು. ಕೊನೆಗೆ ನೀರು ಸಿಕ್ಕಿ ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೀರು ಗುರುತ್ವದಿಂದಲೇ ಹರಿದು ಬರುತ್ತದೆ. ಗುಡ್ಡ ಕೊಟ್ಟಷ್ಟೇ ಸಿಗುತ್ತದೆ, ಎಳೆದು ತೆಗೆಯುವಂತಿಲ್ಲ. ಕೊಳವೆಬಾವಿಗೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಇದೇ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭತ್ತ ಹಿಂದೆ ಸರಿದು ಅಡಿಕೆ ಹರಡಿತು. 1956ರಲ್ಲಿ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರವೂ ಬಂತು. ಪಂಪು ಬಂದ ಮೇಲೆ ಬೆಟ್ಟಿಗೂ ತೋಟ ಏರಿತು. 1974ರ ಭೂಸುಧಾರಣೆಯಿಂದ ಹಿಡುವಳಿಗಳು ಚೂರಾಗಿ ಕಟ್ಟಗಳು ನಿಂತವೆಂದು ಕೆಲವರು ವಾದಿಸುವುದುಂಟು. ನನಗೆ ಪಂಪೇ ಹೆಚ್ಚಿನ ಕಾರಣವಾಗಿ ಕಾಣುತ್ತದೆ. ಕಟ್ಟದ ಲಾಭ ಇಡೀ ಬೈಲಿಗೆ ಹಂಚಿಹೋಗುತ್ತದೆ, ಪಂಪಿನದು ಒಬ್ಬನದೇ. ಹೀಗಿರುವಾಗ ಪ್ರತಿ ಡಿಸೆಂಬರಿನಲ್ಲಿ ಮಣ್ಣು ಹೊರಲು ಯಾರು ಬಂದಾರು?

ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಲೆಕ್ಕ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ 150 ದಿನಕ್ಕೆ ಬೇಕಾದದ್ದು ಸುಮಾರು 4,100 ಘನ ಮೀಟರ್. ಅದೇ ಹೆಕ್ಟೇರಿನ ಮೇಲೆ ಬೀಳುವ ಮಳೆ 40,000 ಘನ ಮೀಟರ್. ಹತ್ತರಲ್ಲಿ ಒಂದು ಪಾಲನ್ನು ಐದು ತಿಂಗಳು ತಡೆದು ನಿಲ್ಲಿಸಿದರೆ ಸಾಕು. ಹಳೆಯ ಮಾದರಿಯಲ್ಲಿ ಬುಡಕ್ಕೆ 175 ಲೀಟರಿನಂತೆ ಐದು ದಿನಕ್ಕೊಮ್ಮೆ ಹೊಯ್ದರೂ 7,200 ಘನ ಮೀಟರ್ ದಾಟದು.

ಈಗ ತೋಡುಗಳಲ್ಲಿ ಹಲವೆಡೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳಿವೆ. ಡಾರ್ಸಿಯ ನಿಯಮ ಅವಕ್ಕೂ ಒಂದೇ. ಆದರೆ ಹಲಗೆ ಇಳಿಸುವ ದಿನ ತಪ್ಪಿದರೆ ಆ ವರ್ಷದ ಸೋರಿಕೆ ಆಗಿಹೋಗಿರುತ್ತದೆ. ಡಿಸೆಂಬರಿನಲ್ಲಿ ಹಾಕಬೇಕಾದ ಹಲಗೆಯನ್ನು ಫೆಬ್ರುವರಿಯಲ್ಲಿ ಹಾಕಿದರೆ, ಒಣಗಿದ ತೋಡಿಗೆ ಅಡ್ಡಲಾಗಿ ಒಂದು ಗೋಡೆ ನಿಂತಿರುತ್ತದೆ, ಅಷ್ಟೆ.