ಗ್ರಹಚಲನೆಯ ನಿಯಮಗಳ ಆವಿಷ್ಕಾರ

ಗ್ರಹಗಳು ಸೂರ್ಯನನ್ನು ಸುತ್ತುವ ಬಗೆಯನ್ನು ತಿಳಿಸುವ ಮೂರು ನಿಯಮಗಳನ್ನು ಜರ್ಮನಿಯ ಖಗೋಳವಿಜ್ಞಾನಿ ಯೊಹಾನೆಸ್ ಕೆಪ್ಲರ್ (1571–1630) ಕಂಡುಹಿಡಿದನು. ಮೊದಲ ಎರಡು ನಿಯಮಗಳು 1609ರ ‘ಆಸ್ಟ್ರೋನೋಮಿಯಾ ನೋವಾ’ ಗ್ರಂಥದಲ್ಲಿಯೂ ಮೂರನೆಯದು 1619ರ ‘ಹಾರ್ಮೋನಿಸಸ್ ಮುಂಡಿ’ ಗ್ರಂಥದಲ್ಲಿಯೂ ಪ್ರಕಟವಾದವು.

ಹಿನ್ನೆಲೆ

ಆಕಾಶಕಾಯಗಳು ವೃತ್ತಗಳಲ್ಲಿಯೇ ಚಲಿಸಬೇಕೆಂಬುದು ಗ್ರೀಕರ ಕಾಲದಿಂದ ಬಂದ ನಂಬಿಕೆ. ಭೂಮಿಯನ್ನು ನಡುವೆ ಇರಿಸಿದ ಟಾಲೆಮಿಯಾಗಲಿ, 1543ರಲ್ಲಿ ಆ ಸ್ಥಾನವನ್ನು ಸೂರ್ಯನಿಗೆ ಕೊಟ್ಟ ಕೊಪರ್ನಿಕಸನಾಗಲಿ ಈ ನಂಬಿಕೆಯನ್ನು ಬಿಡಲಿಲ್ಲ. ಅದನ್ನು ಪರೀಕ್ಷಿಸಲು ಬೇಕಾದ ನಿಖರ ಅಳತೆಗಳನ್ನು ಒದಗಿಸಿದವನು ಡೆನ್ಮಾರ್ಕಿನ ಟೈಕೊ ಬ್ರಾಹೆ. ದೂರದರ್ಶಕವಿನ್ನೂ ಬಾರದಿದ್ದ ಆ ಕಾಲದಲ್ಲಿ ಆತ ಹ್ವೆನ್ ದ್ವೀಪದಲ್ಲಿ ಸುಮಾರು 20 ವರ್ಷ ಬರಿಗಣ್ಣಿನಿಂದಲೇ ಗ್ರಹಗಳ ಸ್ಥಾನಗಳನ್ನು ಅಳೆದು ದಾಖಲಿಸಿದನು.

ಮಂಗಳ ಗ್ರಹದ ಸಮಸ್ಯೆ

1600ರಲ್ಲಿ ಪ್ರಾಗ್ ನಗರಕ್ಕೆ ಬಂದ ಕೆಪ್ಲರನಿಗೆ ಟೈಕೊ ಮಂಗಳನ ಕಕ್ಷೆಯ ಲೆಕ್ಕವನ್ನು ವಹಿಸಿದನು. ಇದು ಅದೃಷ್ಟವೇ ಸರಿ. ಬಹುಮಟ್ಟಿಗೆ ವೃತ್ತವೇ ಆಗಿರುವ ಶುಕ್ರನ ಕಕ್ಷೆ ದೊರೆತಿದ್ದರೆ ದೋಷವು ಕಣ್ಣಿಗೆ ಬೀಳುತ್ತಿರಲಿಲ್ಲ. ಮರುವರ್ಷ ಟೈಕೊ ತೀರಿಕೊಂಡನು. ಕೆಪ್ಲರ್ ರಚಿಸಿದ ವೃತ್ತಕಕ್ಷೆಯು ಹಲವು ವೀಕ್ಷಣೆಗಳಿಗೆ ಹೊಂದಿದರೂ ಕೆಲವೆಡೆ 8 ನಿಮಿಷಗಳಷ್ಟು ಕೋನದ ವ್ಯತ್ಯಾಸ ಉಳಿಯಿತು. ಒಂದು ಡಿಗ್ರಿಯಲ್ಲಿ ಇಂತಹ 60 ನಿಮಿಷಗಳಿರುತ್ತವೆ. ಅಂದರೆ ಈ ವ್ಯತ್ಯಾಸ ಹುಣ್ಣಿಮೆಯ ಚಂದ್ರನ ಅಗಲದ ಕಾಲುಭಾಗಕ್ಕೆ ಸಮ. ಹಿಂದಿನವರು ಇದನ್ನು ಅಲಕ್ಷಿಸುತ್ತಿದ್ದರು. ಟೈಕೊನ ಅಳತೆ ಅಷ್ಟು ತಪ್ಪಲಾರದೆಂದು ನಂಬಿದ ಕೆಪ್ಲರ್ ತನ್ನ ಲೆಕ್ಕವನ್ನೇ ಕೈಬಿಟ್ಟನು.

ಮಂಗಳನು 687 ದಿನಗಳಿಗೊಮ್ಮೆ ತನ್ನ ಕಕ್ಷೆಯ ಅದೇ ಬಿಂದುವಿಗೆ ಮರಳುತ್ತಾನೆ. ಭೂಮಿ ಮಾತ್ರ ಆಗ ಬೇರೆಡೆ ಇರುತ್ತದೆ. ಈ ಅಂತರದ ವೀಕ್ಷಣೆಗಳನ್ನು ಜೋಡಿಸಿ ಕೆಪ್ಲರ್ ಮೊದಲು ಭೂಮಿಯ ಕಕ್ಷೆಯನ್ನೇ ಗುರುತಿಸಿದನು. ಸೂರ್ಯನಿಗೂ ಗ್ರಹಕ್ಕೂ ಎಳೆದ ರೇಖೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರಫಲವನ್ನು ಆವರಿಸುತ್ತದೆ ಎಂಬ ನಿಯಮ ಹೀಗೆ ಹೊಳೆಯಿತು. ಇಂದು ಎರಡನೆಯದೆಂದು ಕರೆಯುವ ಈ ನಿಯಮವೇ ಮೊದಲು ದೊರೆತದ್ದು. ಮೊಟ್ಟೆಯಾಕಾರದ ಕಕ್ಷೆಯನ್ನೂ ಪ್ರಯತ್ನಿಸಿ ಸೋತ ಬಳಿಕ, 1605ರಲ್ಲಿ, ಕಕ್ಷೆಯು ದೀರ್ಘವೃತ್ತವೆಂದೂ ಸೂರ್ಯನು ಅದರ ಒಂದು ನಾಭಿಯಲ್ಲಿರುವನೆಂದೂ ಸ್ಪಷ್ಟವಾಯಿತು. ಟೈಕೊನ ವಾರಸುದಾರರೊಡನೆ ಎದ್ದ ತಕರಾರಿನಿಂದಾಗಿ ಪ್ರಕಟಣೆ ತಡವಾಯಿತು.

ಮೂರನೆಯ ನಿಯಮ

ಗ್ರಹದ ಪರಿಭ್ರಮಣ ಕಾಲದ ವರ್ಗವು ಸೂರ್ಯನಿಂದ ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಭೂಮಿಯ ದೂರವನ್ನೂ ಕಾಲವನ್ನೂ 1 ಎಂದು ಹಿಡಿದರೆ ಮಂಗಳನ ದೂರ 1.524, ಕಾಲ 1.881, ಮೊದಲನೆಯದರ ಘನವೂ ಎರಡನೆಯದರ ವರ್ಗವೂ ಸುಮಾರು 3.54. 1618ರ ಮಾರ್ಚಿಯಲ್ಲಿ ಹೊಳೆದ ಈ ಸಂಬಂಧವನ್ನು ಲೆಕ್ಕದ ತಪ್ಪಿನಿಂದ ತಳ್ಳಿಹಾಕಿದ್ದ ಕೆಪ್ಲರ್, ಮೇ ತಿಂಗಳಲ್ಲಿ ಅದನ್ನು ಮತ್ತೆ ಪರೀಕ್ಷಿಸಿ ಒಪ್ಪಿಕೊಂಡನು.

ಈ ನಿಯಮಗಳನ್ನು ಆಧರಿಸಿದ ಅವನ ಕೋಷ್ಟಕಗಳು 1627ರಲ್ಲಿ ಹೊರಬಂದವು. ಅವನು ಮುಂತಿಳಿಸಿದ್ದ ಬುಧ ಸಂಕ್ರಮಣವನ್ನು 1631ರ ನವೆಂಬರ್ 7ರಂದು ಪ್ಯಾರಿಸ್‌ನಲ್ಲಿ ಪಿಯೆರ್ ಗಸೆಂಡಿ ಕಂಡಾಗ ಕೆಪ್ಲರ್ ತೀರಿಕೊಂಡು ಒಂದು ವರ್ಷವಾಗಿತ್ತು. ನಿಯಮಗಳ ಹಿಂದಿರುವ ಗುರುತ್ವ ಬಲವನ್ನು ನ್ಯೂಟನ್ 1687ರಲ್ಲಿ ವಿವರಿಸಿದನು.