ಚಿನ್ನದ ಕಣ, ಬೆಳಕಿನ ಬಿಸಿ: ಕ್ಯಾನ್ಸರ್‌ಗೆ ದ್ಯುತಿ-ಉಷ್ಣ ಚಿಕಿತ್ಸೆ

ಕ್ಯಾನ್ಸರ್ ಗಡ್ಡೆಯೊಳಕ್ಕೆ ಅತಿಸೂಕ್ಷ್ಮ ಲೋಹಕಣಗಳನ್ನು ಸೇರಿಸಿ, ಅವುಗಳ ಮೇಲೆ ಲೇಸರ್ ಬೆಳಕು ಹಾಯಿಸಿ, ಹುಟ್ಟುವ ಶಾಖದಿಂದ ರೋಗಗ್ರಸ್ತ ಜೀವಕೋಶಗಳನ್ನು ಕೊಲ್ಲುವ ವಿಧಾನಕ್ಕೆ ದ್ಯುತಿ-ಉಷ್ಣ ಚಿಕಿತ್ಸೆ ಅಥವಾ ಫೋಟೋಥರ್ಮಲ್ ಥೆರಪಿ ಎಂದು ಹೆಸರು. ಇಲ್ಲಿ ಔಷಧದ ವಿಷಗುಣವೂ ಇಲ್ಲ, ವಿಕಿರಣವೂ ಇಲ್ಲ. ಕೆಲಸ ಮಾಡುವುದು ಬರಿಯ ಬಿಸಿ.

ಶಾಖ ಜೀವಕೋಶಗಳನ್ನು ಕೊಲ್ಲುತ್ತದೆ ಎಂಬುದು ವೈದ್ಯರಿಗೆ ಹೊಸ ಸಂಗತಿಯಲ್ಲ. ಉಷ್ಣತೆ 42 ಡಿಗ್ರಿ ಸೆಲ್ಷಿಯಸ್ ದಾಟಿ ಕೆಲಕಾಲ ನಿಂತರೆ ಜೀವಕೋಶ ಬಳಲುತ್ತದೆ. 60 ಡಿಗ್ರಿ ಮುಟ್ಟಿದರೆ ಅದರೊಳಗಿನ ಪ್ರೋಟೀನು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ. ತೊಡಕಿರುವುದು ಬೇರೆಡೆ. ಬೆಂಕಿಗೆ ತನ್ನವರು, ಪರರು ಎಂಬ ಭೇದವಿಲ್ಲ. ಗಡ್ಡೆಯನ್ನು ಸುಡಹೊರಟ ಶಾಖ ಪಕ್ಕದ ನರವನ್ನೂ ಸುಡುತ್ತದೆ. ಗಡ್ಡೆ ಮಾತ್ರ ಕಾಯುವಂತೆ ಮಾಡುವುದು ಹೇಗೆ ಎಂಬುದೇ ಈ ಚಿಕಿತ್ಸೆಯ ಮೂಲಪ್ರಶ್ನೆ.

ಉತ್ತರದ ಅರ್ಧಭಾಗ ಬೆಳಕಿನಲ್ಲಿದೆ. ಕತ್ತಲಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಮತ್ತೊಂದು ಬದಿ ಕೆಂಪಗೆ ಹೊಳೆಯುತ್ತದೆ. ನೀಲಿ, ಹಸಿರು ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ; ಕೆಂಪು ಪಾರಾಗಿ ಬರುತ್ತದೆ. ಕೆಂಪಿನಾಚೆಗೆ, ಸುಮಾರು 700ರಿಂದ 900 ನ್ಯಾನೋಮೀಟರ್ ತರಂಗಾಂತರದ ಕಣ್ಣಿಗೆ ಕಾಣದ ಬೆಳಕನ್ನು ರಕ್ತವೂ ನೀರೂ ಕಡಿಮೆ ಹೀರುತ್ತವೆ. ದೇಹಕ್ಕಿರುವ ಒಂದು ಕಿಟಕಿ ಇದು ಎನ್ನಬಹುದು. ಈ ಕಿಟಕಿಯಿಂದ ಒಳಹೋದ ಬೆಳಕನ್ನು ಗಡ್ಡೆಯಲ್ಲಿ ಹಿಡಿದು ನಿಲ್ಲಿಸುವ ವಸ್ತುವೊಂದು ಬೇಕಿತ್ತು. ಆ ವಸ್ತು ಚಿನ್ನ.

ಒಡವೆಯ ಹಳದಿ ಚಿನ್ನವಲ್ಲ. ಲೋಹವನ್ನು ಅತಿಸಣ್ಣ ಕಣಗಳಾಗಿಸಿದಾಗ ಚಿನ್ನದ ಬಣ್ಣವೇ ಬದಲಾಗುತ್ತದೆ. ಮಾಣಿಕ್ಯದಂತೆ ಕೆಂಪಾದ ಇಂಥ ದ್ರಾವಣಗಳನ್ನು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ 1857ರಲ್ಲಿಯೇ ವಿವರಿಸಿದ್ದರು. ಕಣದ ಮೇಲ್ಮೈಯ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗಾಡುವುದು ಇದಕ್ಕೆ ಕಾರಣ. ತಾಳ ಹೊಂದಿದ ಬಣ್ಣದ ಬೆಳಕು ಹೀರಲ್ಪಟ್ಟು ಕ್ಷಣಮಾತ್ರದಲ್ಲಿ ಶಾಖವಾಗುತ್ತದೆ. ಆದರೆ ಸಣ್ಣ ಚಿನ್ನದ ಗುಂಡುಗಳು ಹೀರುವುದು ಸುಮಾರು 520 ನ್ಯಾನೋಮೀಟರಿನ ಹಸಿರು ಬೆಳಕನ್ನು. ಅದು ಚರ್ಮದಡಿಯ ರಕ್ತದಲ್ಲೇ ಕಳೆದುಹೋಗುತ್ತದೆ.

ಅಮೆರಿಕದ ಹೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ನಯೋಮಿ ಹ್ಯಾಲಸ್ ಅವರ ತಂಡ 1990ರ ದಶಕದ ಕೊನೆಯಲ್ಲಿ ಈ ಗಂಟನ್ನು ಬಿಡಿಸಿತು. ಗಾಜಿನ ಜಾತಿಯ ಸಿಲಿಕಾ ಗುಂಡಿನ ಮೇಲೆ ಚಿನ್ನದ ತೆಳು ಚಿಪ್ಪು ಹೊದಿಸಲಾಯಿತು. ಗುಂಡಿಗೆ ಹೋಲಿಸಿದರೆ ಚಿಪ್ಪು ತೆಳುವಾದಷ್ಟೂ ಅದು ಹೀರುವ ಬೆಳಕು ಕೆಂಪಿನಾಚೆಗೆ ಸರಿಯುತ್ತದೆ. ವೀಣೆಯ ತಂತಿ ಬಿಗಿದು ಶ್ರುತಿ ಕೂಡಿಸುವಂತೆ ಚಿಪ್ಪಿನ ದಪ್ಪದಿಂದ ಬಣ್ಣವನ್ನು ಕೂಡಿಸಬಹುದು. ಚಿಕಿತ್ಸೆಗೆ ಬಳಸಿದ ಇಂಥ 'ನ್ಯಾನೋ ಚಿಪ್ಪು' ಸುಮಾರು 150 ನ್ಯಾನೋಮೀಟರ್ ಅಗಲದ್ದು. ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥ ನಲವತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಡಬಹುದು.

ಹ್ಯಾಲಸ್ ಮತ್ತು ಜೆನ್ನಿಫರ್ ವೆಸ್ಟ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಪ್ಪುಗಳ ಜೊತೆಯಿದ್ದ ಸ್ತನ ಕ್ಯಾನ್ಸರಿನ ಜೀವಕೋಶಗಳು ಲೇಸರ್ ಬಿದ್ದಲ್ಲಿ ಸತ್ತವು. ಬೆಳಕು ಮಾತ್ರ ಬಿದ್ದ ಜೀವಕೋಶಗಳಿಗೆ ಏನೂ ಆಗಲಿಲ್ಲ. ಮರುವರ್ಷ ಪ್ರಕಟವಾದ ವರದಿಯಲ್ಲಿ, ಚಿಕಿತ್ಸೆ ಪಡೆದ ಇಲಿಗಳ ಗಡ್ಡೆಗಳು ಕರಗಿ, 90 ದಿನಗಳ ಬಳಿಕವೂ ಅವು ಆರೋಗ್ಯವಾಗಿದ್ದವು.

ಇಲಿಯಿಂದ ಮನುಷ್ಯನವರೆಗಿನ ದಾರಿಗೆ ಹದಿನೈದು ವರ್ಷ ಹಿಡಿಯಿತು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಸ್ಥೆಯ ವೈದ್ಯರು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದ್ದ 58ರಿಂದ 79 ವರ್ಷದ 16 ಪುರುಷರ ಮೇಲೆ ನಡೆಸಿದ ಪ್ರಯೋಗದ ಫಲ 2019ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟನ್ನೇ ಆರಿಸಿದ್ದು ಅರ್ಥಪೂರ್ಣ. ಈ ಗ್ರಂಥಿಯನ್ನು ಪೂರ್ತಿ ತೆಗೆದರೆ ಮೂತ್ರದ ಹತೋಟಿಯೂ ಲೈಂಗಿಕ ಸಾಮರ್ಥ್ಯವೂ ಕುಂದುವ ಭಯ ರೋಗಿಯನ್ನು ಕಾಡುತ್ತದೆ. ಕ್ಯಾನ್ಸರ್ ಗೆದ್ದವರೂ ಈ ಸಂಕಟವನ್ನು ಯಾರೊಡನೆಯೂ ಹೇಳಿಕೊಳ್ಳದೆ ಬದುಕುತ್ತಾರೆ. ಪ್ರಯೋಗದಲ್ಲಿ ರಕ್ತನಾಳದ ಮೂಲಕ ಚಿಪ್ಪುಗಳನ್ನು ಹರಿಸಿ, ಮರುದಿನ ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಚಿತ್ರಗಳ ನೆರವಿನಿಂದ ಗಡ್ಡೆಯೊಳಕ್ಕೆ ಬೆಳಕಿನ ಎಳೆಗಳನ್ನು ತೂರಿಸಲಾಯಿತು. 15 ಮಂದಿಯಲ್ಲಿ ಚಿಕಿತ್ಸೆ ಪೂರ್ಣಗೊಂಡಿತು. ವರ್ಷದ ಬಳಿಕ ಅವರಲ್ಲಿ 13 ಮಂದಿಯ ಚಿಕಿತ್ಸಿತ ಭಾಗದಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಮೂತ್ರ ಮತ್ತು ಲೈಂಗಿಕ ಕ್ರಿಯೆಗಳಲ್ಲಿ ಗಣನೀಯ ವ್ಯತ್ಯಾಸವಾಗಿರಲಿಲ್ಲ. ಸಂಖ್ಯೆ ಚಿಕ್ಕದು, ಕಾಲಾವಧಿಯೂ ಚಿಕ್ಕದು. ಹಿಗ್ಗುವ ಮುನ್ನ ಇದನ್ನು ನೆನಪಿಡಬೇಕು.

ಮಿತಿಗಳಲ್ಲಿ ದೊಡ್ಡದು ಕಣಗಳ ಸಾಗಾಟ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದು ಸೋರುವಂತಿರುತ್ತವೆ, ಆ ಸಂದಿಗಳಿಂದ ಕಣಗಳು ಒಳನುಸುಳುತ್ತವೆ ಎಂಬುದು ಜಪಾನಿನ ಸಂಶೋಧಕರು 1986ರಲ್ಲಿ ತೋರಿಸಿದ ಗುಣ. ಇಡೀ ಶಾಸ್ತ್ರವೇ ಇದನ್ನು ನಂಬಿ ನಿಂತಿತ್ತು. ಹತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟುಹಾಕಿ ಟೊರಾಂಟೊದ ವಿಜ್ಞಾನಿಗಳು 2016ರಲ್ಲಿ ಲೆಕ್ಕವಿಟ್ಟಾಗ, ದೇಹಕ್ಕೆ ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆ ಮುಟ್ಟುವುದು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ ಶೇ 0.7 ಮಾತ್ರ ಎಂದು ತಿಳಿದುಬಂತು. ಉಳಿದದ್ದರಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳಲ್ಲಿ ತಂಗುತ್ತದೆ. ಬೆಳಕು ಕೂಡ ಕೆಲವೇ ಸೆಂಟಿಮೀಟರ್ ಇಳಿಯಬಲ್ಲದು. ದೇಹವೆಲ್ಲ ಹರಡಿದ ಕ್ಯಾನ್ಸರಿಗೆ, ಎಲ್ಲಿದೆಯೆಂದು ಕಾಣದ ಗಡ್ಡೆಗೆ ಲೇಸರ್ ಹಿಡಿಯುವುದಾದರೂ ಎಲ್ಲಿ?

ಚಿನ್ನ ಎಂದೊಡನೆ ಸ್ವರ್ಣಭಸ್ಮವನ್ನು ಇದರೊಡನೆ ಗಂಟುಹಾಕುವವರಿದ್ದಾರೆ. ಅಳತೆಗೆ ಕೂಡಿಸಿದ ಚಿಪ್ಪೂ ಲೇಸರೂ ಇಲ್ಲದೆ ನುಂಗಿದ ಚಿನ್ನ ಈ ಚಿಕಿತ್ಸೆಯಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಬೆರೆತ, 8 ನ್ಯಾನೋಮೀಟರಿಗಿಂತ ಚಿಕ್ಕದಾದ ಕಣಗಳನ್ನು 2024ರಲ್ಲಿ ವರದಿ ಮಾಡಿದರು. ಬೆಳಕು ಬಿದ್ದಾಗ ಇವು ಬಿಸಿಯಾಗುವುದಷ್ಟೇ ಅಲ್ಲ, ಶಬ್ದತರಂಗಗಳನ್ನೂ ಹೊಮ್ಮಿಸುತ್ತವೆ. ಆ ಶಬ್ದದಿಂದ ಗಡ್ಡೆಯ ನೆಲೆ ಗುರುತಿಸಬಹುದು. ಇಷ್ಟು ಚಿಕ್ಕ ಕಣ ದೇಹದಲ್ಲಿ ಉಳಿಯದೆ ಹೊರಹೋಗಬಹುದೆಂಬ ನಿರೀಕ್ಷೆಯೂ ಇದೆ. ಶ್ವಾಸಕೋಶ ಮತ್ತು ಗರ್ಭಕಂಠ ಕ್ಯಾನ್ಸರಿನ ಜೀವಕೋಶಗಳ ಮೇಲೆ ಆಗ ನಡೆದ ಪರೀಕ್ಷೆ ಪ್ರಯೋಗಾಲಯದ ಮಟ್ಟದ್ದು.