ಲೆನ್ಸಿನ ಭಾರ ಹೊತ್ತವರು ಯಾರು?

ಕಳೆದ ಡಿಸೆಂಬರಿನ ಒಂದು ಭಾನುವಾರ ನಾವು ನಾಲ್ವರು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬೆಳಿಗ್ಗೆ ಬೇಗ ಬಸ್ಸು ಹಿಡಿದು ಬೆಳ್ತಂಗಡಿಗೆ ಹೊರಟೆವು. ಹೋಗಬೇಕಾದದ್ದು ಗಡಾಯಿಕಲ್ಲಿಗೆ. ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟ ಒಂಟಿ ಬಂಡೆ ಅದು. ಮೇಲೆ ಹೋಗಲು ಬಂಡೆಯಲ್ಲೇ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ತುದಿಯಿಂದ ಕುದುರೆಮುಖದ ಸಾಲು ಕಾಣುತ್ತದೆ, ಅದರ ಫೋಟೊ ತೆಗೆಯಬೇಕೆಂಬುದು ನಮ್ಮ ಆಸೆ.

ಬ್ಯಾಗಿನಲ್ಲಿ ಏನೇನಿತ್ತು ಎಂದು ಹೇಳಿಬಿಡುತ್ತೇವೆ. 450 ಗ್ರಾಂ ತೂಗುವ ಕ್ಯಾಮೆರಾ. ಅದರ ಜೊತೆಗೇ ಬರುವ 18-55 ಲೆನ್ಸ್, 205 ಗ್ರಾಂ. ಗೆಳೆಯರೊಬ್ಬರು ಕೊಟ್ಟ 50 ಎಂಎಂ ಲೆನ್ಸ್, 160 ಗ್ರಾಂ. ಅಗಲ ನೋಟದ 10-18, 240 ಗ್ರಾಂ. ಬಾಡಿಗೆಗೆ ತಂದ 70-200, ಅದೊಂದೇ ಒಂದೂವರೆ ಕಿಲೋ. ಎರಡು ಕಿಲೋದ ಟ್ರೈಪಾಡ್, ಮತ್ತೆ ನೀರಿನ ಬಾಟಲಿ. ಎಲ್ಲ ಸೇರಿ ಆರು ಕಿಲೋಕ್ಕೂ ಮೇಲೆ. ಮನೆಯಲ್ಲಿ ಎತ್ತಿ ನೋಡಿದಾಗ ಆರು ಕಿಲೋ ಏನೂ ಅಲ್ಲ ಅನ್ನಿಸುತ್ತದೆ. ಐನೂರನೇ ಮೆಟ್ಟಿಲಿನಲ್ಲಿ ಅದೇ ಬ್ಯಾಗು ಅಕ್ಕಿಮೂಟೆ ಆಗಿಬಿಟ್ಟಿತು.

ಹಿಂದಿನಿಂದ ಚಪ್ಪಲಿಯಲ್ಲೇ ಹತ್ತಿ ಬರುತ್ತಿದ್ದ ಊರಿನ ಹುಡುಗನೊಬ್ಬ ನಮ್ಮ ಅವಸ್ಥೆ ನೋಡಿ ನಿಂತ. "ಕೊಡಿ ಅಣ್ಣ ಇಲ್ಲಿ. ಇದ್ರಲ್ಲಿ ಎಂಥ ಉಂಟು ಮಾರಾಯ್ರೆ, ಕಲ್ಲಾ?" ಎಂದು ಬ್ಯಾಗನ್ನು ಹೆಗಲಿಗೇರಿಸಿಕೊಂಡು ನಮಗಿಂತ ಮೊದಲೇ ತುದಿ ಮುಟ್ಟಿದ. ಸಂಜೆ ಮಂಗಳೂರಿಗೆ ಬಂದು ಫೋಟೊಗಳನ್ನು ನೋಡಿದರೆ ಮುಕ್ಕಾಲು ಪಾಲು ಆ 205 ಗ್ರಾಂ ಲೆನ್ಸಿನವೇ. ಒಂದೂವರೆ ಕಿಲೋದ ಲೆನ್ಸ್ ಬ್ಯಾಗಿನಿಂದ ಹೊರಬಂದದ್ದು ಎರಡೇ ಸಲ. ನಮಗೆ ನಾಚಿಕೆಯಾಯಿತು. ಫೋಟೊಗ್ರಫಿಯ ಇತಿಹಾಸವನ್ನು ಸ್ವಲ್ಪ ಕೆದಕಲು ಶುರು ಮಾಡಿದ್ದು ಆ ನಾಚಿಕೆಯಿಂದಲೇ.

ನಮ್ಮ ನಾಡಿನ ಬೆಟ್ಟ, ಗುಡಿ, ಬಯಲುಗಳ ತೀರಾ ಹಳೆಯ ಫೋಟೊಗಳು 1850ರ ದಶಕದವು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಹಂಪಿಯಲ್ಲಿ ತೆಗೆದ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಿಗ್ಸ್, ಪಿಗೌ, ನೀಲ್ ಎಂಬ ಮೂವರು ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಚಿತ್ರ ತೆಗೆದರು. ಅವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್, ಒಂದೊಂದೂ ಹತ್ತಿರ ಹತ್ತಿರ ಒಂದೂವರೆ ಅಡಿ.

ಅಷ್ಟು ದೊಡ್ಡದು ಏಕೆ? ಆಗ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಅನುಕೂಲ ಇರಲಿಲ್ಲ. ನೆಗೆಟಿವನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಎಷ್ಟು ದೊಡ್ಡ ನೆಗೆಟಿವೋ ಅಷ್ಟೇ ದೊಡ್ಡ ಚಿತ್ರ. ಒಂದೂವರೆ ಅಡಿಯ ಚಿತ್ರ ಬೇಕೆಂದರೆ ಒಂದೂವರೆ ಅಡಿಯ ಪೆಟ್ಟಿಗೆ ಬೇಕು. ಅಷ್ಟು ಅಗಲದ ಕಾಗದದ ತುಂಬಾ ಬೆಳಕು ಚೆಲ್ಲುವ ಲೆನ್ಸ್ ಬೇಕು, ಅದನ್ನೆಲ್ಲ ಅಲುಗದಂತೆ ಹಿಡಿಯುವ ಮರದ ಕಾಲುಗಳೂ ಬೇಕು. ಒಂದು ಹೆಚ್ಚಾದರೆ ಇನ್ನೊಂದೂ ಹೆಚ್ಚು.

ಯಾವ ಲೆನ್ಸ್ ಎಂಬ ಪ್ರಶ್ನೆ ಫೋಟೊಗ್ರಫಿಯಷ್ಟೇ ಹಳೆಯದು. 1839ರಲ್ಲಿ ದಾಗೇರ್ ತನ್ನ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದಾಗ ಬಳಸಿದ್ದು ಷೆವಾಲಿಯೆ ಮಾಡಿಕೊಟ್ಟ ಸಾದಾ ಲೆನ್ಸ್. ಅದರೊಳಗೆ ಹೋಗುತ್ತಿದ್ದ ಬೆಳಕು ತೀರಾ ಕಡಿಮೆ, ಒಂದು ಚಿತ್ರಕ್ಕೆ ಹಲವು ನಿಮಿಷ. ಮುಂದಿನ ವರ್ಷವೇ ವಿಯೆನ್ನಾದ ಗಣಿತ ಪ್ರಾಧ್ಯಾಪಕ ಪೆಟ್ಸ್‌ವಾಲ್ ಲೆಕ್ಕ ಹಾಕಿ ಹೊಸ ಲೆನ್ಸ್ ರೂಪಿಸಿದ. ಹಳೆಯದಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತಿತ್ತು. ಆದರೆ ಅದು ನಡುವೆ ಮಾತ್ರ ಚೊಕ್ಕ, ಅಂಚಿನಲ್ಲಿ ಮಸುಕು. ಮುಖ ತೆಗೆಯುವವರಿಗೆ ನಡುವೆ ಚೊಕ್ಕ ಇದ್ದರೆ ಸಾಕು. ಬೆಟ್ಟ ತೆಗೆಯುವವರಿಗೆ ಅಂಚೂ ಬೇಕು, ಬೆಟ್ಟವಂತೂ ಎದ್ದು ಓಡುವುದಿಲ್ಲ. ಹಾಗಾಗಿ ಹೊರಾಂಗಣದವರು ಹಗುರವಾದ, ಸಾದಾ, ನಿಧಾನದ ಲೆನ್ಸನ್ನೇ ಇಟ್ಟುಕೊಂಡರು. ಅದಕ್ಕೆ ಲ್ಯಾಂಡ್‌ಸ್ಕೇಪ್ ಲೆನ್ಸ್ ಎಂಬ ಹೆಸರೇ ಬಿತ್ತು. ನಾವು ಬಾಡಿಗೆ ಕೊಟ್ಟು ತಂದ ಒಂದೂವರೆ ಕಿಲೋದ ಲೆನ್ಸ್ ಅಷ್ಟು ಭಾರವಾಗಿರುವುದೂ ಹೆಚ್ಚು ಬೆಳಕು ಬಿಡಲಿಕ್ಕಾಗಿಯೇ. ಮದುವೆಮನೆಗೆ, ರಾತ್ರಿಯ ಯಕ್ಷಗಾನಕ್ಕೆ ಅದು ಸರಿ. ಹಗಲು ಹೊತ್ತು ನಿಂತಲ್ಲೇ ನಿಂತ ಕುದುರೆಮುಖಕ್ಕೆ ಅದರ ಅಗತ್ಯವೇ ಇರಲಿಲ್ಲ. 1840ರಲ್ಲೇ ಗೊತ್ತಿದ್ದ ಸಂಗತಿ ನಮಗೆ ಐನೂರನೇ ಮೆಟ್ಟಿಲಿನಲ್ಲಿ ಗೊತ್ತಾಯಿತು.

ನಿಧಾನದ ಲೆನ್ಸಿನಿಂದ ಇನ್ನೊಂದು ಪರಿಣಾಮವೂ ಆಯಿತು. ಹಲವು ನಿಮಿಷ ಬಾಯಿ ತೆರೆದು ಕೂತ ಕ್ಯಾಮೆರಾದ ಮುಂದೆ ದನ ಹಾದುಹೋದರೂ, ಹೆಂಗಸರು ನೀರು ಹೊತ್ತು ನಡೆದರೂ ಚಿತ್ರದಲ್ಲಿ ಮೂಡುವುದಿಲ್ಲ. ಕಲ್ಲು ಮಾತ್ರ ಉಳಿಯುತ್ತದೆ. ಹಳೆಯ ಫೋಟೊಗಳಲ್ಲಿ ನಮ್ಮ ಊರುಗಳು ನಿರ್ಜನವಾಗಿ ಕಂಡರೆ ಜನ ಇರಲಿಲ್ಲ ಎಂದುಕೊಳ್ಳಬೇಡಿ.

1851ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಹಚ್ಚುವ ವಿಧಾನ ಬಂತು. ಚಿತ್ರ ಬಹಳ ಚೊಕ್ಕ. ಆದರೆ ಗಾಜಿಗೆ ದ್ರವ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ತೊಳೆದು ಮುಗಿಸಬೇಕು. ಅಂದರೆ ಬೆಟ್ಟದ ತುದಿಯಲ್ಲೇ ಕತ್ತಲೆ ಡೇರೆ ಹಾಕಬೇಕು. ಗಾಜು, ರಾಸಾಯನಿಕದ ಸೀಸೆಗಳು, ನೀರು, ಡೇರೆ ಎಲ್ಲವೂ ಮೇಲಕ್ಕೆ ಹೋಗಬೇಕು. 1863ರಿಂದ ಹಿಮಾಲಯದಲ್ಲಿ ಚಿತ್ರ ತೆಗೆದ ಸ್ಯಾಮ್ಯುಯೆಲ್ ಬೋರ್ನ್ ಇದನ್ನೆಲ್ಲ ಹತ್ತಾರು ಕೂಲಿಗಳ ತಲೆ-ಬೆನ್ನಿನ ಮೇಲೆ ಸಾಗಿಸಿದ. ಆ ಕೂಲಿಗಳು ಹೊರೆ ಬಿಟ್ಟು ಓಡಿಹೋಗುತ್ತಿದ್ದರು ಎಂದು ಇಂಗ್ಲೆಂಡಿನ ಫೋಟೊಗ್ರಫಿ ಪತ್ರಿಕೆಗೆ ದೂರಿ ದೂರಿ ಬರೆದ. ಬೋರ್ನ್ ಹೆಸರು ಉಳಿದಿದೆ. ಗಾಜು ಒಡೆಯದಂತೆ ಹಿಮದ ಮೇಲೆ ಹೊತ್ತು ನಡೆದವರ ಹೆಸರುಗಳನ್ನು ನಾವು ಎಷ್ಟು ಹುಡುಕಿದರೂ ಸಿಗಲಿಲ್ಲ. ನಮ್ಮ ಗಡಾಯಿಕಲ್ಲಿನ ಹುಡುಗ ನೆನಪಾದ. ಹತ್ತಿ ಇಳಿದು, ಒಟ್ಟಿಗೆ ಚಾ ಕುಡಿದು, ಅವನಿಗೆ ಟಾಟಾ ಮಾಡುವವರೆಗೂ ನಾವು ಅವನ ಹೆಸರು ಕೇಳಿರಲಿಲ್ಲ.

ಮಂಗಳೂರಿನಲ್ಲಿ ಆಗ ಏನಿತ್ತು? 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಅಚ್ಚುಕೂಟ ಶುರು ಮಾಡಿತ್ತು. 1843ರ ಜುಲೈ 1ರಂದು ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು. ನಮ್ಮಂಥವರು ಪತ್ರಿಕಾ ದಿನ ಆಚರಿಸುವುದು ಆ ದಿನವೇ. ಪ್ಯಾರಿಸ್ಸಿನಲ್ಲಿ ಫೋಟೊ ಹುಟ್ಟಿ ಆಗ ಬರೀ ನಾಲ್ಕು ವರ್ಷ. ಆ ಪತ್ರಿಕೆ ಕಲ್ಲಚ್ಚಿನದು, ಫೋಟೊ ಹಾಕುವ ಮಾತೇ ಇರಲಿಲ್ಲ. ಮುಂದೆ ಮಿಶನ್ನಿನವರು ಇಲ್ಲಿಯೂ ಫೋಟೊ ತೆಗೆದರು. ಆ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ, ಇಂಟರ್ನೆಟ್ಟಿನಲ್ಲೂ ಇದೆ, ನಿಮ್ಮ ಮೊಬೈಲಿನಲ್ಲೇ ನೋಡಬಹುದು. ನಾವು ನೋಡಿದವುಗಳಲ್ಲಿ ಹೆಚ್ಚಿನವು ಸಾಲಾಗಿ ನಿಂತ ಜನ, ಶಾಲೆ, ಹಂಚಿನ ಕಾರ್ಖಾನೆ, ಬಂಗಲೆ. ಘಟ್ಟದ ಕಡೆಯ ನೋಟ ಕಡಿಮೆ. ಭಾರದ ಪೆಟ್ಟಿಗೆ ಇಟ್ಟುಕೊಂಡವರು ರಸ್ತೆ ಇರುವಲ್ಲಿಗೇ ಹೋಗುತ್ತಾರೆ ಎಂಬುದು ನಮ್ಮ ಊಹೆ, ತಪ್ಪಿದ್ದರೆ ತಿದ್ದಿ.

1880ರ ಹೊತ್ತಿಗೆ ಅಂಗಡಿಯಲ್ಲಿ ಸಿಗುವ ಒಣ ಗಾಜಿನ ಪ್ಲೇಟು ಬಂದು ಡೇರೆ ಹೊರುವುದು ತಪ್ಪಿತು. ದೂರದ್ದನ್ನು ಹತ್ತಿರ ತೋರಿಸುವ ಲೆನ್ಸಿಗೂ ಒಂದು ಕತೆಯಿದೆ. ಮೊದಲು 300 ಎಂಎಂ ಲೆನ್ಸ್ ಅಂದರೆ ಅದರ ಹಿಂದೆ ಅಷ್ಟೇ ಉದ್ದದ, ಹಾರ್ಮೋನಿಯಂ ತಿದಿಯಂಥ ಚರ್ಮದ ಕೊಳವೆ ಬೇಕಿತ್ತು. 1891ರಲ್ಲಿ ಡಾಲ್‌ಮೇಯರ್ ಮೊದಲಾದವರು ಗಾಜುಗಳನ್ನು ಬೇರೆ ರೀತಿ ಜೋಡಿಸಿ ಈ ಉದ್ದವನ್ನು ಕುಗ್ಗಿಸಿದರು. ಟೆಲಿಫೋಟೊ ಎಂಬ ಮಾತು ಬಂದದ್ದು ಆಗ.

ನಮಗೆ ಬಹಳ ಇಷ್ಟವಾದವನು ಜರ್ಮನಿಯ ಆಸ್ಕರ್ ಬಾರ್ನಾಕ್. ಸೂಕ್ಷ್ಮದರ್ಶಕ ಮಾಡುವ ಕಂಪನಿಯಲ್ಲಿ ಮೆಕ್ಯಾನಿಕ್. ಬೆಟ್ಟ ಸುತ್ತಿ ಫೋಟೊ ತೆಗೆಯುವ ಹುಚ್ಚು, ಆದರೆ ಉಬ್ಬಸದ ಕಾಯಿಲೆ. 13×18 ಸೆಂಟಿಮೀಟರಿನ ಗಾಜಿನ ಪ್ಲೇಟುಗಳ ಕ್ಯಾಮೆರಾ ಹೊತ್ತು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಹೊರಲು ಆಳು ಇಡಲಿಲ್ಲ ಅವನು, ಕ್ಯಾಮೆರಾವನ್ನೇ ಕಿರಿದು ಮಾಡಿದ. ಸಿನಿಮಾದ ರೀಲನ್ನು ಅಡ್ಡಡ್ಡ ಓಡಿಸಿ 24×36 ಮಿಲಿಮೀಟರಿನ ಪುಟ್ಟ ನೆಗೆಟಿವ್ ತೆಗೆದು, ಆಮೇಲೆ ಹಿಗ್ಗಿಸಿ ಮುದ್ರಿಸುವ ಉಪಾಯ. 1914ರ ಹೊತ್ತಿಗೆ ಮೊದಲ ನಮೂನೆ ತಯಾರಾಯಿತು. ಯುದ್ಧ ಮುಗಿದು, 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದಕ್ಕಿದ್ದದ್ದು ಒಂದೇ ಲೆನ್ಸ್, 50 ಎಂಎಂ, ಬಿಚ್ಚಿ ಬದಲಿಸಲೂ ಆಗುತ್ತಿರಲಿಲ್ಲ. ಆರಂಭದ ಲೈಕಾ ಹಿಡಿದವರು ಅದೊಂದರಲ್ಲೇ ಬೆಟ್ಟ, ಬೀದಿ, ಮುಖ ಎಲ್ಲ ತೆಗೆದರು.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ. ಲೆನ್ಸಿನ ಮೇಲಿನ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. 18ರಲ್ಲಿ ಗದ್ದೆ, ತೋಟ, ಆಕಾಶ ಎಲ್ಲ ಸಿಗುತ್ತದೆ, 55ರಲ್ಲಿ ಬೆಟ್ಟದ ಒಂದು ಮಗ್ಗುಲು. ನಾವು ತಂದ 10-18 ನೋಟವನ್ನು ಎಷ್ಟು ಅಗಲ ಮಾಡಿತೆಂದರೆ ಕುದುರೆಮುಖದ ಸಾಲು ಇರುವೆ ಸಾಲಾಯಿತು. ಹತ್ತಿರದಲ್ಲೊಂದು ಬಂಡೆಯೋ ಮರವೋ ಇಲ್ಲದಿದ್ದರೆ ಆ ಲೆನ್ಸ್ ಬೆಟ್ಟಗಳಿಗೆ ಅಲ್ಲ. ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಹೋದರೆ ತೇಜಸ್ವಿ ಹಕ್ಕಿಗಳ ಫೋಟೊ ತೆಗೆದ ಊರು. ಹಕ್ಕಿಗೆ ಉದ್ದ ಲೆನ್ಸ್ ಇಲ್ಲದೆ ಆಗದು. ಬೆಟ್ಟಕ್ಕೆ ಹಾಗಿಲ್ಲ, ಹತ್ತು ಹೆಜ್ಜೆ ಆಚೀಚೆ ನಡೆದು ನೋಡಿದರೆ ಅರ್ಧ ಕೆಲಸ ಆಗುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಫೋಟೊಗ್ರಾಫರ್ ಹಂಪಿಗೆ ಬಂದು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನಿಲ್ಲುವ ಜಾಗ ಅಂದರೆ ಏನೆಂದು ಗೊತ್ತಾಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಪಣಂಬೂರಿನ ಮರಳಿನಲ್ಲಿ ನಿಂತು ಲೆನ್ಸ್ ಬದಲಿಸಿದರೆ ಉಪ್ಪುಗಾಳಿ, ಮರಳು ಎರಡೂ ಕ್ಯಾಮೆರಾದ ಹೊಟ್ಟೆಗೆ ಹೋಗುತ್ತವೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟ ಲೆನ್ಸಿಗೆ ಚಪ್ಪಲಿಗೆ ಹಿಡಿಯುವ ಹಾಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಒಂದು ಲೆನ್ಸ್ ಹಾಗೆಯೇ ಹೋಯಿತು, ಗಾಜಿನೊಳಗೆ ಜೇಡರಬಲೆಯಂತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಅಕ್ಕಿ ಹಾಕಬೇಡಿ, ಅದರ ಹುಡಿ ಒಳಗೆ ಹೋಗುತ್ತದೆ. ಲೆನ್ಸ್ ಕಡಿಮೆ ಇದ್ದಷ್ಟೂ ಡಬ್ಬಿ ಸಣ್ಣದು.

ಬರುವ ತಿಂಗಳು ಮತ್ತೆ ಗಡಾಯಿಕಲ್ಲಿಗೆ ಹೊರಟಿದ್ದೇವೆ. ಹುಡುಗನಿಗೆ ಫೋನ್ ಮಾಡಿ ಆಗಿದೆ, ಈ ಸಲ ಕ್ಯಾಮೆರಾ ಅವನ ಕೈಯಲ್ಲೂ ಇರುತ್ತದೆ. ಟ್ರೈಪಾಡ್ ಮನೆಯಲ್ಲೇ. ಸಾಮಾನು ನೀರು ಬಿಟ್ಟು ಒಂದು ಕಿಲೋ ದಾಟಬಾರದು, ಸರದಿಯ ಮೇಲೆ ನಾವೇ ಹೊರಬೇಕು ಎಂದು ಠರಾವು ಮಾಡಿದ್ದೇವೆ. 18-55 ಬರುವುದು ಖಾಯಂ. 415 ಗ್ರಾಂ ತೂಗುವ 70-300 ಒಂದನ್ನು ಸೇರಿಸಿದರೆ ಕಿಲೋ ಮೇಲೆ ಎಪ್ಪತ್ತು ಗ್ರಾಂ ಆಗುತ್ತದೆ. ಅದನ್ನು ಒಯ್ಯಬೇಕೋ ಬೇಡವೋ ಎಂಬ ಜಗಳ ನಮ್ಮೊಳಗೆ ಇನ್ನೂ ನಡೆದಿದೆ.